ಎಡಗೈ ಮಾಡುತ್ತಿದ್ದ ಕೆಲಸ

ನಮ್ಮ ಮನೆಗೆ ಬರುವ ನೆಂಟರ ಪೈಕಿ ಹೆಂಗಸರು ಕಾಫಿ ಕುಡಿದಾದ ಮೇಲೆ ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದು, "ಅದೇನೋ ಹಾಕ್ಸಿದೀರಂತಲ್ಲ, ನೋಡ್ಬೋದಾ?" ಎಂದು ಕೇಳುತ್ತಾರೆ. ನಾನು ಬಾತ್‌ರೂಮಿನ ಬಾಗಿಲು ತೆಗೆದು, ಲೈಟು ಹಾಕಿ, ಕಮೋಡಿನ ಸೀಟಿನ ಪಕ್ಕದಲ್ಲಿರುವ ಬಿಳಿ ನಾಬನ್ನು ತೋರಿಸುತ್ತೇನೆ. ಹೊಸ ಸರ ಮಾಡಿಸಿ ತೋರಿಸಿದ್ದರೂ ಇಷ್ಟು ಹೊತ್ತು ನಿಂತು ನೋಡುತ್ತಿರಲಿಲ್ಲ. ಒಬ್ಬರಂತೂ "ನೀರು ಎಲ್ಲಿಗೆ ಬರುತ್ತೆ?" ಎಂದು ಕೇಳಿಬಿಟ್ಟು, ಕೇಳಿದ ತಪ್ಪಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಲ್ಲಿಗೆ ಬರಬೇಕೋ ಅಲ್ಲಿಗೇ ಬರುತ್ತದೆ ಎಂದು ಹೇಳಿ ಕಳಿಸಿದೆ.

ಇದರ ಬಗ್ಗೆ ಬರೆಯುತ್ತೇನೆಂದಾಗ ನನ್ನ ಗಂಡ, "ಬರೆಯೋಕೆ ಬೇರೆ ಏನೂ ಸಿಗ್ಲಿಲ್ವಾ ನಿಂಗೆ?" ಎಂದರು. ಸಿಗುತ್ತಿತ್ತು. ಆದರೆ ದಿನಾ ಬೆಳಿಗ್ಗೆ ಎದ್ದು ಎಲ್ಲರೂ ಮೊದಲು ಮಾಡುವ ಕೆಲಸದ ಬಗ್ಗೆ ಎಲ್ಲರೂ ಬಾಯಿ ಮುಚ್ಚಿಕೊಂಡಿರುವುದರಿಂದಲೇ ನಮ್ಮ ಅತ್ತೆ ಎರಡು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅದೇ ಮನೆಯಲ್ಲಿದ್ದ ನನಗೆ ಗೊತ್ತಾಗಲಿಲ್ಲ. ನಾಚಿಕೆ ಆಗಬೇಕಾದದ್ದು ಅದಕ್ಕೆ.

ನಾನು ಬೆಳೆದದ್ದು ಟಿ. ದಾಸರಹಳ್ಳಿಯ ಒಂದು ವಠಾರದಲ್ಲಿ. ಎಂಟು ಮನೆಗೆ ಎರಡು ಕಕ್ಕಸು. ಒಂದೊಂದು ಮನೆಗೂ ಒಂದೊಂದು ಬಣ್ಣದ ಮಗ್ಗು. ನಮ್ಮದು ಹಸಿರು. ಮಗ್ಗು ಹಿಡಿದು ಸಾಲಿನಲ್ಲಿ ನಿಂತೇ ಹೋಂವರ್ಕು ಬಾಯಿಪಾಠ ಮಾಡಿದವಳು ನಾನು. ಮದುವೆಯಾಗಿ ಅಟ್ಟೂರಿಗೆ ಬಂದಾಗ ಇಲ್ಲಿ ಹಿತ್ತಿಲಿನ ಕೊನೆಯ ಮೂಲೆಯಲ್ಲಿ ಒಂದೇ ಒಂದು ಕಕ್ಕಸು ಇತ್ತು, ಸಾಲು ಇರಲಿಲ್ಲ. ಅದೊಂದೇ ಕಾರಣಕ್ಕೆ ನನಗೆ ಅರಮನೆಗೆ ಬಂದ ಹಾಗಾಗಿತ್ತು. ಅತ್ತೆಗೆ ಮಾತ್ರ ಅದೂ ಅಷ್ಟಕ್ಕಷ್ಟೆ. ಅವರು ನಲವತ್ತು ವರ್ಷ ತುಂಬುವ ತನಕ ಚೊಂಬು ಹಿಡಿದು ಕೆರೆ ಕಡೆಗೆ ಹೋಗುತ್ತಿದ್ದವರು. ಊರಿನ ಹೆಂಗಸರೆಲ್ಲ ಒಟ್ಟಿಗೆ ಹೋಗಿ ಊರ ಸುದ್ದಿಯನ್ನೆಲ್ಲ ಮುಗಿಸಿಕೊಂಡು ಬರುತ್ತಿದ್ದರಂತೆ. ಹೊಲ ಲೇಔಟ್ ಆಗಿ, ಹಳೆಯ ಮನೆ ಕೆಡವಿ ಮೂರಂತಸ್ತು ಎಬ್ಬಿಸಿ, ಮೇಲಿನ ಎರಡನ್ನು ಬಾಡಿಗೆಗೆ ಕೊಟ್ಟ ಮೇಲೂ ನಮ್ಮ ಕೆಳಗಿನ ಮನೆಯ ಕಕ್ಕಸು ಹಿತ್ತಿಲಲ್ಲೇ ಉಳಿಯಿತು. ದೇವರ ಮನೆ ಇರುವ ಸೂರಿನ ಕೆಳಗೆ ಅದು ಕೂಡದು ಎಂದು ಅತ್ತೆ ಹೇಳಿದ್ದರು.

ಅವರ ಇನ್ನೊಂದು ಕಟ್ಟುನಿಟ್ಟು ಕೈಗಳದು. ಎಡಗೈ ತೊಳೆಯಲಿಕ್ಕೆ. ಬಲಗೈ ಉಣ್ಣಲಿಕ್ಕೆ, ದೇವರಿಗೆ, ಇನ್ನೊಬ್ಬರಿಗೆ ಕೊಡಲಿಕ್ಕೆ. ಇದನ್ನು ಎಲ್ಲ ಮನೆಯಲ್ಲೂ ಹೇಳುತ್ತಾರೆ, ನಮ್ಮ ಮನೆಯಲ್ಲಿ ಪಾಲಿಸುತ್ತಿದ್ದರು. ನನ್ನ ಮಕ್ಕಳಿಬ್ಬರೂ ಚಿಕ್ಕವರಿದ್ದಾಗ ಎಡಗೈಯಲ್ಲಿ ಚಕ್ಕುಲಿ ಮುಟ್ಟಿದರೆ ಅತ್ತೆ ಕೈ ಮೇಲೆ ಪಟ್ಟೆಂದು ಒಂದು ಕೊಡುತ್ತಿದ್ದರು. ತರಕಾರಿಯವನು ಎಡಗೈಯಲ್ಲಿ ಕೊತ್ತಂಬರಿ ಸೊಪ್ಪು ಕೊಟ್ಟರೆ ಅವನು ಕೈ ಬದಲಿಸುವ ತನಕ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಬಟ್ಟೆಗೆ ಎರಡು ಕೈಯೂ ಬೇಕು. ಹಾಗಾಗಿ ನನ್ನ ಮಿಷನ್ನಿನ ಹತ್ತಿರ ಮಾತ್ರ ಈ ಕಾನೂನು ನಡೆಯುತ್ತಿರಲಿಲ್ಲ.

ಮೊನ್ನೆಯ ದೀಪಾವಳಿ ಕಳೆದು ವಾರಕ್ಕೆ ಅತ್ತೆಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನೆನಪು ಉಳಿಯಿತು. ಎಡಗಾಲು ಅರ್ಧಂಬರ್ಧ ಉಳಿಯಿತು. ಎಡಗೈ ಮಾತ್ರ ಪೂರ್ತಿ ಬಿದ್ದುಹೋಯಿತು. ನೋಡಲು ಬಂದವರೆಲ್ಲ, "ಪುಣ್ಯ, ಬಲಗೈ ಉಳೀತಲ್ಲ" ಎಂದು ಸಮಾಧಾನ ಹೇಳಿದರು. ನಾನೂ ಹಾಗೇ ಅಂದುಕೊಂಡೆ. ಉಣ್ಣುವ ಕೈ ಇದೆಯಲ್ಲ, ಇನ್ನೇನು ಬೇಕು ಎಂದು.

ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅವರ ಕೋಣೆಯ ಮಗ್ಗುಲಲ್ಲಿ ಸಾಮಾನು ಇಡುತ್ತಿದ್ದ ಜಾಗವನ್ನು ಬಾತ್‌ರೂಮು ಮಾಡಿಸಿ ಕಮೋಡು ಕೂರಿಸಿದೆವು. ಕೂತು ಏಳಲು ಬಾರದವರಿಗೆ ಹಿತ್ತಿಲಿನದ್ದು ಆಗುವುದಿಲ್ಲವಲ್ಲ. ಅತ್ತೆ ಬಾಗಿಲಲ್ಲೇ ನಿಂತು, "ಮನೆ ಒಳಗೇ ಮಾಡ್ಬುಟ್ರಾ?" ಎಂದು ಕೇಳಿದರು. ಮೊದಲ ವಾರ ನಾನೇ ಕರೆದುಕೊಂಡು ಹೋಗಿ ತೊಳೆಸಿದೆ. ಆಗೆಲ್ಲ ಅವರು ಮುಖ ಗೋಡೆಯ ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಎಂಟನೆಯ ದಿನ ಒಂದೇ ಕೈಯಲ್ಲಿ ಹಿಡಿಯುವ ವಾಕರ್ ಊರಿಕೊಂಡು ಒಬ್ಬರೇ ಎದ್ದು ಹೊರಟರು. ನಾನು ಹಿಂದೆ ಹೋದರೆ, "ನೀನ್ ಬರ್ಬ್ಯಾಡ. ಒರಗೇ ಇರು" ಎಂದರು. ಅತ್ತೆಯ ಬಾಯಲ್ಲಿ ಹಕಾರ ಹೊರಡುವುದಿಲ್ಲ, ಆದರೆ ಗತ್ತಿಗೆ ಏನೂ ಕಮ್ಮಿಯಿಲ್ಲ. ನನಗೆ ಒಳಗೊಳಗೇ ನಿರಾಳವಾಯಿತು, ಸುಳ್ಳೇಕೆ ಹೇಳಲಿ. ಅವರೂ ಸುಧಾರಿಸುತ್ತಿದ್ದಾರೆ, ನನಗೂ ಆ ಕೆಲಸ ತಪ್ಪಿತು ಎಂದುಕೊಂಡೆ.

ಆಸ್ಪತ್ರೆಯ ನರ್ಸಮ್ಮ ಬರೆದುಕೊಟ್ಟ ಪಟ್ಟಿಯಲ್ಲಿ ಟಾಯ್ಲೆಟ್ ಪೇಪರೂ ಇತ್ತು. ಒಂದೇ ಕೈ ಆಡುವವರಿಗೆ ಅದೇ ಸುಲಭವಂತೆ. ಯಲಹಂಕ ನ್ಯೂ ಟೌನಿನ ಸೂಪರ್ ಮಾರ್ಕೆಟ್ಟಿನಲ್ಲಿ ನಾಲ್ಕು ಸುರುಳಿಯ ಒಂದು ಕಟ್ಟು ತೆಗೆದುಕೊಂಡೆ. ಬಿಲ್ಲಿನ ಸಾಲಿನಲ್ಲಿ ನಮ್ಮ ಬೀದಿಯವರೇ ಸಿಕ್ಕಿದರು. ಅವರ ಕಣ್ಣಿಗೆ ಬೀಳದಂತೆ ಅದರ ಮೇಲೆ ಸಬ್ಬಸಿಗೆ ಸೊಪ್ಪು ಹರಡಿದೆ. ಮನೆಗೆ ಬಂದು ಒಂದು ಸುರುಳಿಯನ್ನು ಕಮೋಡಿನ ಪಕ್ಕ ಇಟ್ಟು ಅತ್ತೆಗೆ ಏನೂ ಹೇಳದೆ ಬಂದುಬಿಟ್ಟೆ. ಇಂಥದ್ದನ್ನು ಬಾಯಿಬಿಟ್ಟು ಹೇಗೆ ಹೇಳುವುದು, ಅಲ್ಲಿಟ್ಟರೆ ಗೊತ್ತಾಗುತ್ತದೆ ಎಂದು ನನ್ನ ಎಣಿಕೆ.

ಶುಕ್ರವಾರ ಬೆಳಿಗ್ಗೆ ನೋಡಿದರೆ ಅತ್ತೆ ದೇವರ ಮನೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಹಿತ್ತಾಳೆಯ ದೀಪವನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಬಲಗೈಯಿಂದ ಹಳೆಯ ಎಣ್ಣೆ ಒರೆಸುತ್ತಿದ್ದಾರೆ. ಒರೆಸುತ್ತಿರುವುದು ಆ ಪೇಪರಿನಲ್ಲಿ.

"ಈ ಕಾಗ್ದ ಎಲ್ಲಿ ತಂದೆ? ಎಣ್ಣೆ ಚೆನ್ನಾಗಿ ಈರ್ಕಂತದೆ. ಇನ್ನೊಂದೆರಡು ತಂದಿಕ್ಕು" ಎಂದರು.

ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಅತ್ತೆ ದೀಪ ನೋಡಿದರು, ಪೇಪರು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಹೊಸದು ಅತ್ತೆಮ್ಮ, ಯಾರೂ ಮುಟ್ಟಿಲ್ಲ" ಎಂದೆ. "ಒಸಾದೇ ಇರ್ಬೋದು. ಮಾಡಿರೋದು ಅದುಕ್ಕೆ ತಾನೆ?" ಎಂದು ಪೇಪರನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕೈಗೆ ಕೊಟ್ಟರು. ಆ ದಿನ ಮನೆಯ ದೀಪಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದವಳು ನಾನು. ಗಂಡ ನಕ್ಕಿದ್ದೇ ನಕ್ಕಿದ್ದು. ನನಗೆ ಸಿಟ್ಟು ಬಂದು ಉಳಿದ ಸುರುಳಿಗಳನ್ನು ಅಟ್ಟದ ಮೇಲೆ ಎಸೆದೆ.

ಅದರ ಹಿಂದೆಯೇ ಅವರ ಊಟ ಕಡಿಮೆಯಾಗತೊಡಗಿತು. ಎರಡು ಮುದ್ದೆ ಉಣ್ಣುತ್ತಿದ್ದವರು ಮುದ್ದೆಯನ್ನೇ ಮುಟ್ಟಲಿಲ್ಲ. ತಟ್ಟೆ ಇಟ್ಟರೆ, "ಅಸಿವಿಲ್ಲ ಕಣವ್ವ" ಎಂದು ಪಕ್ಕಕ್ಕೆ ತಳ್ಳುತ್ತಿದ್ದರು. ಬೆಳಿಗ್ಗೆ ಒಂದು ಲೋಟ ಗಂಜಿ, ಸಂಜೆ ಒಂದು ಲೋಟ ಗಂಜಿ, ಅಷ್ಟೇ. ಅದನ್ನೂ ಲೋಟ ಎತ್ತಿ ಬಾಯಿಗೆ ತಾಗಿಸದೆ ಹುಯ್ದುಕೊಳ್ಳುತ್ತಿದ್ದರು. ಚಮಚದಲ್ಲಿ ತಿನ್ನಿ ಎಂದರೆ, ನಾನೇನು ಕೂಸಾ ಎಂದರು. ನಾನು ತಿನ್ನಿಸುತ್ತೇನೆ ಎಂದರೆ ಬಾಯಿ ಬಿಗಿದು ಕೂತರು. ಡಾಕ್ಟರು ರಕ್ತ ನೋಡಿದರು, ಹೊಟ್ಟೆ ಸ್ಕ್ಯಾನು ಮಾಡಿಸಿದರು, ಎಲ್ಲ ಸರಿಯಾಗಿದೆ ಎಂದರು. ಹೀಗೇ ಇಳಿಯುತ್ತಾ ಹೋದರೆ ಮತ್ತೆ ಹಾಸಿಗೆ ಹಿಡಿಯುತ್ತಾರೆ, ಹೇಗಾದರೂ ತಿನ್ನಿಸಿ ಎಂದು ಎಚ್ಚರಿಸಿ ಕಳಿಸಿದರು. ಅವರು ತೂಕ ಹೇಳುವುದಕ್ಕೆ ಮುಂಚೆಯೇ ನನಗೆ ಗೊತ್ತಿತ್ತು. ಅತ್ತೆಯ ಬ್ಲೌಸುಗಳನ್ನು ಹೊಲಿಯುವವಳು ನಾನೇ. ಮೊದಲ ಸಲ ಎರಡೂ ಪಕ್ಕ ಒಂದೊಂದು ಇಂಚು ಹಿಡಿದೆ. ಹದಿನೈದು ದಿನಕ್ಕೆ ಇನ್ನೊಂದು ಇಂಚು ಹಿಡಿಯಬೇಕಾಯಿತು. ಆ ಹೊಲಿಗೆ ಹಾಕುವಾಗ ನನಗೆ ಹೆದರಿಕೆಯಾಯಿತು.

ಹೆದರಿಕೆ ನನ್ನಲ್ಲಿ ಬಹುಬೇಗ ಸಿಟ್ಟಾಗುತ್ತದೆ. ಅವರೆಕಾಯಿ ಕಾಲ. ಅತ್ತೆಗೆ ಹಿತಕಿದವರೆ ಸಾರು ಅಂದರೆ ಪ್ರಾಣ. ಒಂದು ಮಧ್ಯಾಹ್ನ ಹೊಲಿಗೆಯನ್ನೆಲ್ಲ ಬದಿಗಿಟ್ಟು, ನೆನೆಹಾಕಿದ ಕಾಳನ್ನು ಒಂದೊಂದಾಗಿ ಹಿತಕಿ, ಬೆರಳ ತುದಿಯೆಲ್ಲ ಸುಕ್ಕಾಗುವಷ್ಟು ಹೊತ್ತು ಕೂತು ಸಾರು ಮಾಡಿದೆ. ಬಿಸಿ ಮುದ್ದೆಯ ಜೊತೆ ತಂದಿಟ್ಟೆ. ಅತ್ತೆ ತಟ್ಟೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಅಸಿವಿಲ್ಲ" ಎಂದರು.

"ನನ್ನ ಕೈ ಅಡುಗೆ ಸೇರ್ದಿದ್ರೆ ನೇರವಾಗಿ ಹೇಳಿ ಅತ್ತೆಮ್ಮ. ಇಪ್ಪತ್ತೆಂಟು ವರ್ಷದಿಂದ ಉಪ್ಪು ಕಮ್ಮಿ, ಹುಳಿ ಜಾಸ್ತಿ ಅಂತ ಕೇಳಿದೀನಿ. ನಾಳೆಯಿಂದ ಹೋಟೆಲಿಂದ ತರಿಸ್ತೀನಿ. ನನ್ನನ್ನ ಹೀಗೆ ಸಾಯಿಸ್ಬೇಡಿ" ಎಂದೆ. ಅಡುಗೆಮನೆಯಲ್ಲಿ ಪಾತ್ರೆಗಳನ್ನೂ ಒಂದಿಷ್ಟು ಕುಕ್ಕಿದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಇವತ್ತೂ ತೆಗೆದುಕೊಳ್ಳುತ್ತೇನೆ.

ಇದಾದ ಎರಡೋ ಮೂರೋ ದಿನಕ್ಕೆ, ಬೆಳಿಗ್ಗೆ ಹಾಲು ಕಾಯಿಸಿ ಹಿತ್ತಿಲ ಬಾಗಿಲು ತೆಗೆದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅತ್ತೆ ವಾಕರ್‌ಗೆ ಸೊಂಟ ಆನಿಸಿ ಬಗ್ಗಿ ನಿಂತಿದ್ದರು. ಕಲ್ಲಿನ ಮೇಲೆ ಬಟ್ಟೆ ಸೋಪು ಬಳಿದಿತ್ತು. ಅದರ ಮೇಲೆ ಬಲ ಅಂಗೈಯನ್ನು ಒತ್ತಿ ತಿಕ್ಕುತ್ತಿದ್ದರು. ತಿಕ್ಕುವುದು, ಕೊಳಾಯಿಯ ಕೆಳಗೆ ಹಿಡಿಯುವುದು, ಮೂಸಿ ನೋಡುವುದು, ಮತ್ತೆ ತಿಕ್ಕುವುದು. ಒಂದು ಕೈ ತೊಳೆಯಬೇಕಾದರೆ ಇನ್ನೊಂದು ಕೈ ಬೇಕು ಎಂಬುದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ. ಹತ್ತಿರ ಹೋಗಿ ಅಂಗೈ ತಿರುಗಿಸಿ ನೋಡಿದೆ. ಚರ್ಮ ಕಿತ್ತು ಕೆಂಪಗಾಗಿತ್ತು.

"ಏನಿದು ಅತ್ತೆಮ್ಮ?"

ಅವರು ಕೈ ಬಿಡಿಸಿಕೊಳ್ಳಲು ನೋಡಿದರು. ಆಮೇಲೆ ನೆಲ ನೋಡುತ್ತ ಹೇಳಿದರು. "ಎಡಗೈ ಸತ್ತೋಗೈತೆ. ಇನ್ಯಾವ ಕೈಲಿ ತೊಳ್ಕಳ್ಲಿ? ಪೈಪು ಇಡಿಯೋದೂ ಇದೇ ಕೈ, ತೊಳ್ಯೋದೂ ಇದೇ ಕೈ. ಎಷ್ಟು ಉಜ್ಜಿದ್ರೂ ಓಗ್ದಂಗೇ ಇರ್ತದೆ. ಈ ಕೈನ ತಟ್ಟೆಗೆ ಎಂಗೆ ಇಕ್ಕಲಿ?"

ಗೋಡೆಗೆ ಹಾಕಿಸಿದ್ದ ಜೆಟ್ ಪೈಪಿನಲ್ಲಿ ಬರೀ ನೀರು ಬಿಟ್ಟುಕೊಂಡು ನೋಡಿದ್ದರಂತೆ. ಬಲಕ್ಕೆ ತಿರುಚಿಕೊಳ್ಳುವಾಗ ಎರಡು ಸಲ ಬೀಳುವ ಹಾಗಾಗಿ ಸೀರೆಯೆಲ್ಲ ನೆನೆದುಹೋಯಿತಂತೆ. ಆಮೇಲೆ ಬೇರೆ ದಾರಿಯಿಲ್ಲದೆ ಉಣ್ಣುವ ಕೈಯನ್ನೇ ಆ ಕೆಲಸಕ್ಕೆ ಹಾಕಿದ್ದರು. ಹಾಕಿದ ದಿನದಿಂದ ಅದನ್ನು ಊಟಕ್ಕೆ ಬಿಟ್ಟಿರಲಿಲ್ಲ.

"ನನಗೆ ಹೇಳ್ಬಾರ್ದಿತ್ತಾ? ನಾನೇ ತೊಳೀತಿದ್ನಲ್ಲ."

"ಸೊಸೆ ಕೈಲಿ ದಿನಾ ಅದ್ನ ಮಾಡಿಸ್ಕಂಡು ಆಮ್ಯಾಕೆ ನಿನ್ ಮುಖ ಎಂಗೆ ನೋಡ್ಲಿ? ಅದುಕ್ಕೇ ಉಣ್ಣದು ಕಮ್ಮಿ ಮಾಡಿದ್ರೆ ಕಕ್ಕಸಿಗೆ ಓಗೋದೂ ಕಮ್ಮಿ ಆಯ್ತದೆ ಅಂತ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಸಾರಿಗೆ ಉಪ್ಪು ಹುಳಿ ಅಂತ ನಾನು ಲೆಕ್ಕ ಹಾಕುತ್ತಿದ್ದಾಗ ಈ ಹೆಂಗಸು ಇಷ್ಟನ್ನು ಒಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದಳು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಸಮಾಧಾನಕ್ಕೆಂದು ಮತ್ತೆ ಪೇಪರಿನ ಮಾತು ತೆಗೆದೆ. ಅತ್ತೆ, "ಸಗಣಿ ಮೆತ್ಕಂಡಿರೋ ಕೈನ ಕಾಗ್ದದಲ್ಲಿ ಒರೆಸ್ಕಂಡು ಮುದ್ದೆ ಕಟ್ಟು ನೋಡಾನ, ನೀನೇ ಉಂಬ್ತೀಯಾ?" ಎಂದು ಕೇಳಿದರು.

ಉತ್ತರ ಇದ್ದದ್ದು ಆರ್.ಟಿ. ನಗರದಿಂದ ವಾರಕ್ಕೆ ಮೂರು ಸಲ ಸ್ಕೂಟರಿನಲ್ಲಿ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿಯ ಹತ್ತಿರ. ಅವಳು ಅತ್ತೆಯ ಅಂಗೈ ನೋಡಿ ಕೇಳಿದಳು, ನಾನು ಅಡುಗೆಮನೆಗೆ ಕರೆದು ಹೇಳಿದೆ. ಅವಳು ಸ್ವಲ್ಪವೂ ಮುಖ ಸಿಂಡರಿಸಲಿಲ್ಲ. "ನಮ್ಮ ನಾನಿಗೂ, ಅಂದ್ರೆ ಅಮ್ಮನ ಅಮ್ಮಂಗೂ, ಇದೇ ಆಗಿತ್ತು ಆಂಟಿ. ನೀರಲ್ಲಿ ಶುದ್ಧ ಆಗ್ದಿದ್ರೆ ನಮಾಜ್ ಹೇಗ್ ಮಾಡ್ಲಿ ಅಂತ ಅಳ್ತಿದ್ರು. ಸೀಟ್ ಕೆಳಗೆ ಹಾಕೋ ಬಿಡೆಟ್ ಬರುತ್ತೆ, ಕರೆಂಟ್ ಕೂಡ ಬೇಡ. ಬಲಗೈಲಿ ನಾಬ್ ತಿರುಗಿಸಿದ್ರೆ ಆಯ್ತು, ನೀರೇ ತೊಳೆಯುತ್ತೆ, ಕೈ ತಗಲೋದೇ ಇಲ್ಲ" ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಎರಡು ತಿಂಗಳ ಉಪವಾಸಕ್ಕೆ ಔಷಧಿ ಒಂದು ಪ್ಲಾಸ್ಟಿಕ್ ಹಲಗೆ, ಒಂದು ಸಣ್ಣ ನಳಿಕೆ.

ಪ್ಲಂಬರು ಬಂದು ಅದನ್ನು ಕೂರಿಸಿದ. ಪರೀಕ್ಷೆ ಮಾಡುತ್ತೇನೆಂದು ಬಗ್ಗಿ ನಾಬು ತಿರುಗಿಸಿದ. ನಮ್ಮ ಟ್ಯಾಂಕು ಇರುವುದು ಮೂರನೆಯ ಅಂತಸ್ತಿನ ಮೇಲೆ. ನೀರು ಕಾರಂಜಿಯ ಹಾಗೆ ಎದ್ದು ಅವನ ಮುಖ, ಶರ್ಟು, ಎದುರಿನ ಗೋಡೆ ಎಲ್ಲವನ್ನೂ ತೊಳೆಯಿತು. "ಪ್ರೆಷರ್ ಸಖತ್ತಾಗಿದೆ ಮೇಡಂ" ಎಂದು ಮುಖ ಒರೆಸಿಕೊಂಡು ವಾಲ್ವ್ ಕಮ್ಮಿ ಮಾಡಿದ. ಅತ್ತೆಯನ್ನು ಕೂರಿಸುವ ಮೊದಲು ನಾನೇ ಕೂತು ನೋಡಬೇಕೆಂದು ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಪುಷ್ಯ ಮಾಸದ ಟ್ಯಾಂಕಿನ ನೀರು. ನಾನು ಕಿರುಚಿದ್ದಕ್ಕೆ ಗಂಡ ಬಾಗಿಲು ತಟ್ಟಿ, "ಏನಾಯ್ತೇ, ಬಿದ್ಯಾ?" ಎಂದರು. ಬಿದ್ದಿಲ್ಲ, ಗೀಸರಿನ ಪೈಪು ಇದಕ್ಕೂ ಎಳೆಸಿ ಎಂದೆ. ಮಾರನೆಯ ದಿನ ಅದೂ ಆಯಿತು. ಎಲ್ಲಿಯ ತನಕ ತಿರುಗಿಸಬೇಕು ಎಂಬುದಕ್ಕೆ ನಾಬಿನ ಪಕ್ಕ ಗೇಟಿಗೆ ಬಳಿದು ಉಳಿದಿದ್ದ ನೀಲಿ ಬಣ್ಣದಲ್ಲಿ ಒಂದು ಗೆರೆ ಎಳೆದೆ.

ಅತ್ತೆಗೆ ಈ ಸಲ ಬಾಯಿಬಿಟ್ಟು ಹೇಳಿದೆ. ಹೀಗೆ ಕೂರಬೇಕು, ಹೀಗೆ ತಿರುಗಿಸಬೇಕು, ಇಷ್ಟು ಹೊತ್ತು ಬಿಡಬೇಕು, ಆಮೇಲೆ ಒರೆಸಿಕೊಂಡು ಅಲ್ಲಿರುವ ಡಬ್ಬಕ್ಕೆ ಹಾಕಬೇಕು ಎಂದು. ಒರೆಸುವುದಕ್ಕೆ ಅಟ್ಟದಿಂದ ಆ ಪೇಪರನ್ನೇ ಇಳಿಸಿದ್ದೆ. ಅವರು ಅದನ್ನು ಮುಟ್ಟಿ ನೋಡಿ, "ನೀರು ಈರಕ್ಕೆ ಆಯ್ತದೆ. ತೊಳ್ಯಕ್ಕೆ ಆಗಾಕಿಲ್ಲ" ಎಂದು ತೀರ್ಪು ಕೊಟ್ಟರು. ನನಗೂ ಇವತ್ತಿಗೂ ಅದೇ ಸರಿ ಅನ್ನಿಸುತ್ತದೆ. ಮೊದಲ ದಿನ ನಾನು ಬಾಗಿಲ ಹೊರಗೆ ನಿಂತಿದ್ದೆ. ನೀರಿನ ಸದ್ದು ಬಂತು, ನಿಂತಿತು, ಮತ್ತೆ ಬಂತು. ಹೊರಗೆ ಬಂದಾಗ ಅವರ ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

ಆ ಮಧ್ಯಾಹ್ನವೇ ಮುದ್ದೆ ಉಣ್ಣುತ್ತಾರೆಂದು ಆಸೆಯಿಂದ ತಟ್ಟೆ ಇಟ್ಟೆ. ಉಣ್ಣಲಿಲ್ಲ. ಮರುದಿನವೂ ಗಂಜಿ. ಅದರ ಮರುದಿನವೂ ಗಂಜಿ. ನನಗೆ ಅಳು ಬರುವುದೊಂದು ಬಾಕಿ. ಈ ಸಲ ಮಾತ್ರ ಪಾತ್ರೆ ಕುಕ್ಕಲಿಲ್ಲ, ಏನೂ ಕೇಳಲಿಲ್ಲ. ಇನ್ನೂ ಏನೋ ಇದೆ, ಅವರೇ ಹೇಳಲಿ ಎಂದು ಕಾದೆ.

ನಾಲ್ಕನೆಯ ದಿನ ಅವರಿಗೆ ತಲೆಗೆ ನೀರು ಹಾಕಿ, ಕೂದಲು ಒರೆಸಿ ಬಿಸಿಲಿಗೆ ಕೂರಿಸಿದ್ದೆ. ಸಾರು ಕುದಿಯುತ್ತಿತ್ತು. ಅತ್ತೆ ಕರೆದರು. ಹೋದರೆ ಬಲಗೈಯನ್ನು ನನ್ನ ಮುಂದೆ ಚಾಚಿದರು.

"ಮೂರು ದಿನದಿಂದ ಇದುಕ್ಕೆ ಏನೂ ಸೋಕಿಲ್ಲ. ಅಳೇ ಮೈಲ್ಗೆ ಮಾತ್ರ ನನ್ ಕೈಲಿ ತೊಳ್ಯಕ್ಕೆ ಆಗ್ತಿಲ್ಲ. ಒಂದ್ಸಲ ನೀನು ತೊಳ್ದುಬುಡು. ಆಮ್ಯಾಕೆ ನಾನು ನೋಡ್ಕಂತೀನಿ."

ಬಿಸಿನೀರು ತಂದೆ. ಸೀಗೆಪುಡಿ ತಂದೆ. ಅವರ ಕೈಯನ್ನು ನನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು ಒಂದೊಂದೇ ಬೆರಳು, ಬೆರಳ ಸಂದು, ಉಗುರಿನ ಸುತ್ತ ತೊಳೆದೆ. ಅಂಗೈಯ ಗಾಯ ಮಾಗಿ ಹೊಸ ಚರ್ಮ ಬಂದಿತ್ತು. ಅಲ್ಲಿ ಮೆತ್ತಗೆ ಸವರಿದೆ. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದು ಆ ಕೈಯನ್ನು ನಾನು ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು. ಮೂರು ಸಲ ನೀರು ಬದಲಿಸಿದೆ. ಸಾಕು ಎಂದು ಅವರು ಹೇಳಲಿಲ್ಲ, ನಾನೂ ನಿಲ್ಲಿಸಲಿಲ್ಲ. ಕೊನೆಗೆ ಒಗೆದ ಟವಲಿನಲ್ಲಿ ಒರೆಸಿದೆ. ಅತ್ತೆ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು.

"ತಟ್ಟೆ ಇಕ್ಕು" ಎಂದರು.

ಇಟ್ಟೆ. ಅವರು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗೆ ಹಾಕಿಕೊಂಡು ನುಂಗಿದರು. ಎರಡನೆಯ ತುತ್ತು, ಮೂರನೆಯ ತುತ್ತು. ಎಲ್ಲಿಗೋ ಹೊರಟಿರುವವರ ಹಾಗೆ ಬೇಗಬೇಗ ಉಂಡರು. ನಾನು ಎದುರಿಗೆ ನೆಲದ ಮೇಲೆ ಕೂತು ನೋಡುತ್ತಿದ್ದೆ. ಅರ್ಧ ಮುದ್ದೆ ಮುಗಿದಾಗ ಕೈ ನಿಲ್ಲಿಸಿ, ತಟ್ಟೆಯನ್ನೇ ನೋಡುತ್ತ, ಮೆಲ್ಲಗೆ ಹೇಳಿದರು.

"ಅಸಿವಿಲ್ಲ ಅಂತ ಏಳ್ತಿದ್ನಲ್ಲ, ಸುಳ್ಳು. ದಿನಾ ಅಸಿವಾಗ್ತಿತ್ತು ಕಣವ್ವ."

ನಾನು ಇನ್ನೊಂದು ಮುದ್ದೆ ತರುತ್ತೇನೆಂದು ಒಳಗೆ ಎದ್ದು ಹೋದೆ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಕಣ್ಣು ಒರೆಸಿಕೊಂಡು, ಆಮೇಲೆ ತಂದು ಬಡಿಸಿದೆ.